ಹಾಂಪಾ ಗದ್ದೆಯ ಮೊದಲ ತೆನೆ

ಏಪ್ರಿಲ್ 23, 2006, ಭಾನುವಾರ

ಇಪ್ಪತ್ತನಾಲ್ಕು ವರ್ಷ ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೂತು ದಿನಾ ಪರೀಕ್ಷೆಯ ವರದಿ ಬರೆದವನು ನಾನು. ಒಂದೇ ಒಂದು ಸುಳ್ಳು ಅಂಕಿ ಬರೆದವನಲ್ಲ. ಕೆಲಸ ಬಿಟ್ಟು ಮೂರು ತಿಂಗಳಾಯಿತು, ಬರೆಯದೆ ಕೈ ಚಡಪಡಿಸುತ್ತದೆ. ಅದಕ್ಕೇ ಈ ಪುಸ್ತಕ. ಮನೆಯಲ್ಲಿ ಕೊಂಕಣಿ ಕನ್ನಡ ಬೆರಕೆ, ಹೊರಗೆ ಸ್ವೀಡಿಷ್, ಬರೆಯುವುದು ಮಾತ್ರ ಮೂಡುಬೆಳ್ಳೆಯ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ.

ವಿಷಯ ಇಷ್ಟು. ಇಂಗ್ವರ್ ಮುದುಕನ ನಾಲ್ಕು ಹೆಕ್ಟೇರ್ ಗದ್ದೆಯನ್ನು ಗೇಣಿಗೆ ಹಿಡಿದಿದ್ದೇನೆ. ಅದರಲ್ಲಿ ಹಾಂಪಾ ಬೆಳೆಯುತ್ತೇನೆ. ಹಾಂಪಾ ಅಂದರೆ ಗಾಂಜಾ ಜಾತಿಯದೇ ಗಿಡ, ಆದರೆ ಅಮಲಿಲ್ಲದ ತಳಿ. ಹಗ್ಗಕ್ಕೆ ನಾರು, ಒಣಗಿಸಿ ಒತ್ತಿದರೆ ಒಲೆಗೆ ಹಾಕುವ ಉರುವಲು. ಮೂರು ವರ್ಷದ ಹಿಂದೆ ಈ ದೇಶದಲ್ಲಿ ಇದನ್ನು ಬೆಳೆಯಲು ಮತ್ತೆ ದಾರಿಯಾಯಿತು. ಕಾಗದಪತ್ರ ಸರಿ ಇಟ್ಟುಕೊಳ್ಳುವವನಿಗೆ ಮಾತ್ರ ಇದು ಸಾಧ್ಯ, ಮತ್ತು ಕಾಗದಪತ್ರದಲ್ಲಿ ಈ ಓಸ್ವಾಲ್ಡನನ್ನು ಮೀರಿಸುವವರು ಯಾರಿದ್ದಾರೆ?

ಗ್ರೇಸಿಗೆ ಇದೆಲ್ಲ ಹೇಳಿದೆ. ಅವಳು ಪಾತ್ರೆ ಒರೆಸುತ್ತಾ, "ಗಾಂಜಾದವನ ಹೆಂಡತಿ ಅಂತ ಹೇಳಿಸಿಕೊಳ್ಳಲಿಕ್ಕೆ ನಾನು ಇಷ್ಟು ದೂರ ಬಂದದ್ದಾ? ವೃದ್ಧಾಶ್ರಮದಲ್ಲಿ ನನ್ನ ಕೈಯಲ್ಲಿ ಮಾತ್ರೆ ಕಪಾಟಿನ ಬೀಗದ ಕೈ ಉಂಟು. ಹದಿನೇಳು ವರ್ಷದ್ದು ಆ ನಂಬಿಕೆ. ನಿಮ್ಮ ಆ ಗದ್ದೆಗೆ ನಾನು ಕಾಲಿಡುದಿಲ್ಲ" ಎಂದಳು.

ಕೋಪ ಬಂತು. ಕೋಪಕ್ಕಿಂತ ಹೆಚ್ಚು ಬೇಜಾರಾಯಿತು. ನನಗೆ ಈ ಬೆಳೆಯಿಂದ ಬೇಕಾದ್ದು ಒಂದೇ. ಅವಳು ಆ ಗದ್ದೆಗೆ ತಾನಾಗಿ ಬಂದು ನನ್ನ ಪಕ್ಕದಲ್ಲಿ ನಿಲ್ಲಬೇಕು.

ಮೇ 4

ಬೀಜ ಬಂತು. ಫ್ರಾನ್ಸಿನದು. ಪ್ರತಿ ಚೀಲಕ್ಕೆ ಹೊಲಿದ ಸರಕಾರಿ ಚೀಟಿಯನ್ನು ಬಿಚ್ಚಿ, ಅಸಲನ್ನೇ ಅರ್ಜಿಯ ಜೊತೆ ಜಿಲ್ಲೆಯ ಕೃಷಿ ಕಚೇರಿಗೆ ಕಳಿಸಬೇಕು. ಚೀಟಿ ಇದ್ದರೆ ಬೆಳೆ, ಇಲ್ಲದಿದ್ದರೆ ಅಪರಾಧ! ಒಂದೂ ಹರಿಯದಂತೆ ಗ್ರೇಸಿಯ ಹೊಲಿಗೆ ಕತ್ತರಿಯಿಂದ ಬಿಚ್ಚಿದೆ.

ವಿಮೆಯವರಿಗೆ ಫೋನ್ ಮಾಡಿದೆ. ಮೊದಲನೆಯವನು, ನಮ್ಮ ಬೆಳೆಗಳ ಪಟ್ಟಿಯಲ್ಲಿ ಅದಿಲ್ಲ ಎಂದ. ಎರಡನೆಯವಳು ಪಕ್ಕದವಳಿಗೆ ಏನೋ ಹೇಳಿದಳು, ಇಬ್ಬರೂ ನಕ್ಕದ್ದು ಕೇಳಿಸಿತು. ಮೂರನೆಯವನು ತಾನೇ ಫೋನ್ ಮಾಡುತ್ತೇನೆಂದ. ಮಾಡುವವನಲ್ಲ ಅವನು. ಇಂಗ್ವರ್‌ಗೆ ಹೇಳಿದರೆ, ಅವನ ಅಜ್ಜಿ ಇದೇ ಗದ್ದೆಯಲ್ಲಿ ಹಾಂಪಾ ಬೆಳೆದು ಹಾಸಿಗೆ ಬಟ್ಟೆ ನೇಯುತ್ತಿದ್ದಳಂತೆ. "ಅಜ್ಜಿಗೆ ಯಾರೂ ಚೀಟಿ ಕೇಳಲಿಲ್ಲ" ಎಂದ.

ಮೇ 20, ಶನಿವಾರ

ಬಿತ್ತಿದೆವು. ಇಂಗ್ವರನ ಟ್ರ್ಯಾಕ್ಟರು, ಅವನದೇ ಬಿತ್ತುವ ಯಂತ್ರ. ಗ್ರೇಸಿ ಬಂದಳು, ಆದರೆ ಕಾರಿನಿಂದ ಇಳಿಯಲಿಲ್ಲ. ಕಿಟಕಿ ಒಂದು ಗೇಣು ಇಳಿಸಿ ಅದರ ಎಡೆಯಿಂದ ಫ್ಲಾಸ್ಕು, ಚಪಾತಿ ಸುರುಳಿ ಹೊರಗೆ ಕೊಟ್ಟಳು.

"ಇಳಿದು ನೋಡು ಮಾರಾಯ್ತಿ, ಬರೀ ಮಣ್ಣು ಇರುದು."

"ಇಲ್ಲಿಂದಲೇ ಕಾಣ್ತದೆ" ಎಂದಳು.

ಇಂಗ್ವರ್ ಅವಳಿಗೆ ಟೊಪ್ಪಿ ಎತ್ತಿ ವಂದಿಸಿದ. ಕಿಟಕಿ ಇನ್ನೂ ಒಂದು ಗೇಣು ಇಳಿಯಿತು. ಇರಲಿ, ಅಷ್ಟಾದರೂ ಆಯಿತಲ್ಲ.

ಜೂನ್ 11

ಮೊಳಕೆ ಬಂತು. ಗೇಣೆತ್ತರ. ಗ್ರೇಸಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜುಲೈ 16, ಭಾನುವಾರ

ಸ್ಟಾಕ್‌ಹೋಮ್‌ನಲ್ಲಿ ನಮ್ಮ ಕರಾವಳಿಯವರ ಪಿಕ್‌ನಿಕ್. ಗ್ರೇಸಿಯ ಚಿಕ್ಕಮ್ಮನ ಮಗಳು ವಿನೀತಾ, ಅವಳ ಗಂಡ ವಿಲ್ಸನ್, ಇನ್ನೂ ಹತ್ತು ಮನೆಯವರು. ವಿಲ್ಸನ್ ಎಲ್ಲರೆದುರು, "ಓಸ್ವಾಲ್ಡಣ್ಣಾ, ಒಂದು ಬೀಡಿಗಾಗುವಷ್ಟಾದರೂ ತರಬೇಕಿತ್ತಲ್ವಾ!" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಇದರಲ್ಲಿ ಅಮಲಿನ ಅಂಶ ಶೇಕಡ ಸೊನ್ನೆ ದಶಾಂಶ ಎರಡಕ್ಕಿಂತ ಕಡಿಮೆ, ಒಂದು ಗಾಡಿ ಸೇದಿದರೂ ಬರುವುದು ತಲೆನೋವು ಎಂದು ವಿವರಿಸಿದೆ. ಯಾರಿಗೆ ಬೇಕು ವಿವರ? ಗ್ರೇಸಿ ಮಾತ್ರ ನಗಲಿಲ್ಲ. ವಾಪಸು ರೈಲಿನಲ್ಲಿ ಊರು ಬರುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಸಾಲದ್ದಕ್ಕೆ, ಕಳೆದ ವಾರ ಮೊಪೆಡ್‌ನಲ್ಲಿ ಬಂದ ಯಾರೋ ರಸ್ತೆ ಬದಿಯ ಗಿಡಗಳನ್ನು ಮುರಿದುಕೊಂಡು ಹೋದರು. ಪೊಲೀಸರು ಅದನ್ನು ಕಳವು ಅಂತ ಬರೆದುಕೊಂಡು, ಒಂದು ಬೋರ್ಡು ಹಾಕಿ ಎಂದರು. ಹಾಕಿದೆ. ‘ಇದು ಕಾರ್ಖಾನೆಗೆ ಹೋಗುವ ಹಾಂಪಾ. ಸೇದಬೇಡಿ, ನಿರಾಸೆಯಾಗುತ್ತದೆ.’

ಆಗಸ್ಟ್ 22

ಗಿಡ ನನ್ನ ತಲೆ ಮೀರಿ ಬೆಳೆದಿದೆ. ಕೃಷಿ ಕಚೇರಿಯಿಂದ ತಪಾಸಣೆಗೆ ಒಬ್ಬ ಹೆಂಗಸು ಬಂದಿದ್ದಳು. ಗದ್ದೆಯ ಬೇರೆ ಬೇರೆ ಕಡೆಯಿಂದ ಐವತ್ತು ತುದಿಗಳನ್ನು ಕತ್ತರಿಸಿ ಕಾಗದದ ಚೀಲಕ್ಕೆ ಹಾಕಿದಳು. ಲ್ಯಾಬಿನಿಂದ ಉತ್ತರ ಬರುವ ತನಕ ಗದ್ದೆಯಿಂದ ಒಂದು ಎಲೆಯೂ ಹೊರಗೆ ಹೋಗಬಾರದು ಎಂದು ಹೇಳಿ ಒಂದು ಹಾಳೆ ಕೊಟ್ಟಳು. ಓದಿ ಸಹಿ ಹಾಕಿದೆ. ಅವಳ ಮಾದರಿ ತೆಗೆಯುವ ಕ್ರಮ ಬಹಳ ಅಚ್ಚುಕಟ್ಟು, ನನ್ನ ಲ್ಯಾಬಿನಲ್ಲಿ ಇರಬೇಕಿತ್ತು ಅವಳು.

ಸೆಪ್ಟೆಂಬರ್ 9, ಶನಿವಾರ

ಗ್ರೇಸಿ ಬಂದಳು! ಬಂದಳು, ಬಂದಳು.

ಬೆಳಿಗ್ಗೆ ಕಾಫಿ ಕುಡಿಯುವಾಗ ತಾನಾಗಿಯೇ ಹೇಳಿದಳು. "ನಾಳೆ ಮೊಂತಿ ಹಬ್ಬದ ಪೂಜೆ. ಹದಿನೇಳು ವರ್ಷದಿಂದ ಇಂಗ್ವರನ ಓಟ್ಸ್ ತೆನೆ ಬೇಡಿ ತರುದು. ಈ ಸಲ ನಮ್ಮದೇ ಗದ್ದೆ ಉಂಟಲ್ವಾ?" ಹಾಲು ಕಾಯಿಸುತ್ತಾ ಹೇಳಿದಳು, ನನ್ನ ಮುಖ ನೋಡಲಿಲ್ಲ. ನಮ್ಮದೇ ಗದ್ದೆ ಎಂದಳು. ಹೊಸ ಬೆಳೆಯ ಮೊದಲ ತೆನೆಯನ್ನು ಮಾತೆ ಮರಿಯಮ್ಮನ ಎದುರು ಇಟ್ಟು, ಆಶೀರ್ವಾದ ಮಾಡಿಸಿ, ಮನೆ ಮನೆಗೆ ಹಂಚುವುದು ನಮ್ಮಲ್ಲಿ ಹುಟ್ಟಿನಿಂದ ಬಂದದ್ದು. ಆ ಗೌರವವನ್ನು ನನ್ನ ಹಾಂಪಾಕ್ಕೆ ಕೊಡಲು ಹೊರಟಳು ಗ್ರೇಸಿ.

ನಾನೇ ಚಾಕು ಮಸೆದು ಕೊಟ್ಟೆ. ಹಳದಿ ಬೂಟು ಹಾಕಿಕೊಂಡು ಗದ್ದೆಯೊಳಗೆ ಇಳಿದಳು. ಎತ್ತರದ ಗಿಡಗಳನ್ನು ನಾನು ಬಗ್ಗಿಸಿದೆ, ಅವಳು ತುದಿ ಕೊಯ್ದಳು. ನಡುವೆ ನಿಂತು ಕೇಳಿದಳು, "ಕೊಂಡು ಹೋಗ್ಲಿಕ್ಕೆ ಆಗ್ತದಲ್ವಾ? ಕಾಗದದಲ್ಲಿ ಎಂತ ಉಂಟು?"

"ನಮ್ಮ ಗದ್ದೆಯ ತೆನೆಗೆ ಯಾರ ಅಪ್ಪಣೆ ಮಾರಾಯ್ತಿ? ದೇವರಿಗೆ ಇಡುದಲ್ವಾ!" ಎಂದೆ. ತಪಾಸಣೆಯವಳ ಹಾಳೆ ನೆನಪಿಗೆ ಬಂತು, ಬರಲಿಲ್ಲ ಎಂದಲ್ಲ. ಆದರೆ ಆ ಹೊತ್ತಿನಲ್ಲಿ ಬೇಡ ಎನ್ನಲು ನನಗೆ ಮನಸ್ಸಾದರೂ ಹೇಗೆ ಬರಬೇಕು? ನಾಲ್ಕು ತಿಂಗಳು ಕಾದಿದ್ದೇನೆ. ಇಪ್ಪತ್ತು ತೆನೆ ಆಗಿತ್ತು. ಇನ್ನೂ ನಾಲ್ಕು ಕೊಯ್ಯಿ, ವಿನೀತಾಳ ಮಕ್ಕಳಿಗೆ, ಎಂದೆ.

ಅವಳ ಕೂದಲ ತುಂಬ ಹೂಪುಡಿ. ಒರೆಸಲು ಹೋದರೆ ಕೈ ತಳ್ಳಿದಳು, ನಗುತ್ತಲೇ ತಳ್ಳಿದಳು. ಮದುವೆಯ ಹೊಸತರಲ್ಲಿ ಹೀಗೆ ನಗುತ್ತಿದ್ದಳು.

ಸೆಪ್ಟೆಂಬರ್ 10, ಭಾನುವಾರ

ಎಲ್ಲ ಚೆಂದ ಆಯಿತು. ಮಕ್ಕಳು ಹೂ ಹಾಕಿದರು, ಪಾದ್ರಿಗಳು ತೆನೆಗೆ ತೀರ್ಥ ಚಿಮುಕಿಸಿದರು. ಗ್ರೇಸಿ ಪ್ರತಿ ತೆನೆಗೂ ಬಿಳಿ ರಿಬ್ಬನ್ ಕಟ್ಟಿದ್ದಳು. ಮನೆಗೊಂದರಂತೆ ಕೈಗೆ ಕೊಡುತ್ತಾ, "ಇದು ನಮ್ಮ ಗದ್ದೆಯದ್ದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ವಿಲ್ಸನ್ ಬಾಯಿ ತೆರೆಯುವುದರೊಳಗೆ ಅವನನ್ನು ಒಂದು ಸಲ ನೋಡಿದಳು, ಅಷ್ಟೇ, ಅವನು ತಣ್ಣಗಾದ.

ಸೆಪ್ಟೆಂಬರ್ 13

ವಿನೀತಾಳ ಫೋನ್ ಬಂತು. ಅವಳ ಐದು ವರ್ಷದ ಮಗಳು ತೆನೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ದಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ, ಒಯ್ದಿದ್ದಾಳೆ. ಎಲ್ಲರಿಗೂ ತೋರಿಸಿ, ಚರ್ಚಿನಲ್ಲಿ ಕೊಟ್ಟದ್ದು ಎಂದಿದ್ದಾಳೆ. ಶಿಕ್ಷಕಿ ಎಲೆ ನೋಡಿ ಪೊಲೀಸರಿಗೆ ತಿಳಿಸಿದಳು. ಪಾಪ, ಅವಳದೇನು ತಪ್ಪು. ವಿಲ್ಸನ್‌ನ ಕೆಲಸದ ಪರ್ಮಿಟ್ ಮುಂದಿನ ತಿಂಗಳು ನವೀಕರಣಕ್ಕೆ ಹೋಗಬೇಕು. ವಿನೀತಾ ಅಳುತ್ತಿದ್ದಳು. "ಗ್ರೇಸಿ ಅಕ್ಕ ಕೊಟ್ಟದ್ದು ಅಂತ ಹೇಳಿದೆ ಭಾವಾ. ಬೇರೆ ಎಂತ ಹೇಳುದು?"

ಬೇರೆ ಏನು ಹೇಳುತ್ತಾಳೆ. ಅದು ನಿಜವೇ ತಾನೆ.

ಸೆಪ್ಟೆಂಬರ್ 14

ಪೊಲೀಸರು ಗ್ರೇಸಿಯನ್ನು ಮಾತಾಡಿಸಲು ವೃದ್ಧಾಶ್ರಮಕ್ಕೇ ಹೋದರು. ಫಿಕಾ ಹೊತ್ತು, ಎಲ್ಲರೂ ಕಾಫಿಗೆ ಸೇರಿದ್ದರಂತೆ. ಅವಳ ಮೇಲಧಿಕಾರಿ ಬಹಳ ಮರ್ಯಾದೆಯಿಂದಲೇ ಹೇಳಿದಳಂತೆ, ತನಿಖೆ ಮುಗಿಯುವ ತನಕ ಮನೆಯಲ್ಲಿರಿ, ಬೀಗದ ಕೈ ಕೊಟ್ಟು ಹೋಗಿ ಎಂದು. ಗ್ರೇಸಿ ಕೊರಳಿನಿಂದ ಬೀಗದ ಕೈಯನ್ನು ತೆಗೆದು ಮೇಜಿನ ಮೇಲೆ ಇಟ್ಟು ಬಸ್ಸಿನಲ್ಲಿ ಬಂದಳು. ಕರೆಯಲು ಬಾ ಎಂದು ನನಗೆ ಫೋನ್ ಕೂಡ ಮಾಡಲಿಲ್ಲ.

"ಸರಿಯಾಗ್ತದೆ" ಎಂದೆ. "ನೀವು ನನ್ನ ಜೊತೆ ಇದ್ರಲ್ವಾ, ಸರಿಯಾಗ್ತದೆ" ಎಂದಳು.

ಸೆಪ್ಟೆಂಬರ್ 18

ಕೃಷಿ ಕಚೇರಿಯಿಂದ ಕಾಗದ. ಎರಡು ವಾರದೊಳಗೆ ಬರಹದಲ್ಲಿ ಉತ್ತರ ಕೊಡಬೇಕು. ಗಿಡದ ಭಾಗಗಳನ್ನು ಬೆಳೆಗಾರನ ಒಪ್ಪಿಗೆಯಿಂದ ಹೊರಗೆ ಒಯ್ಯಲಾಯಿತೆ? ಹೌದಾದರೆ ಬೆಳೆಯ ಮಂಜೂರಾತಿ ರದ್ದು ಮಾಡಿ, ನಾಲ್ಕೂ ಹೆಕ್ಟೇರು ಅವರ ಎದುರೇ ಕೊಚ್ಚಿ ಮಣ್ಣಿಗೆ ಹಾಕಬೇಕು. ಇಲ್ಲವಾದರೆ ಅದು ಕಳವು, ಬೆಳೆಗಾರನಿಗೆ ತೊಂದರೆಯಿಲ್ಲ.

ಇಡೀ ದಿನ ಗದ್ದೆಯ ಸುತ್ತ ನಡೆದೆ. ಇಂಥ ಬೆಳೆ ಈ ಜಿಲ್ಲೆಯಲ್ಲಿ ಬೇರೆ ಯಾರೂ ತೆಗೆದಿಲ್ಲ ಎಂದು ಇಂಗ್ವರ್ ಹೇಳುತ್ತಾನೆ. ಅದನ್ನು ಕೊಚ್ಚುವುದೇ?

ಸೆಪ್ಟೆಂಬರ್ 20

ಉತ್ತರ ಬರೆದೆ. ‘ನನ್ನ ಒಪ್ಪಿಗೆಯಿಲ್ಲದೆ, ನನಗೆ ತಿಳಿಯದೆ.’ ಮೂರು ಸಲ ಬರೆದು ಹರಿದೆ, ನಾಲ್ಕನೆಯದನ್ನು ಲಕೋಟೆಗೆ ಹಾಕಿದೆ.

ಯೋಚಿಸಿ ನೋಡಿದರೆ ಪೂರ್ತಿ ಸುಳ್ಳೂ ಅಲ್ಲ. ತರುವ ಯೋಚನೆ ನನ್ನದಲ್ಲ, ಅವಳದು. ಕೊಯ್ದದ್ದು ಅವಳು. ರಿಬ್ಬನ್ ಕಟ್ಟಿದ್ದು, ಹಂಚಿದ್ದು ಅವಳು. ನಾನು ಅಲ್ಲಿ ನಿಂತಿದ್ದೆ, ಹೌದು. ನಿಂತಿದ್ದ ಮಾತ್ರಕ್ಕೆ ಒಪ್ಪಿಗೆ ಎಂದಾಗುತ್ತದೆಯೇ? ಹೆಂಡತಿಯನ್ನು ಯಾರೂ ಜೈಲಿಗೆ ಹಾಕುವುದಿಲ್ಲ, ಲ್ಯಾಬಿನ ಉತ್ತರ ಬಂದರೆ ಎಲ್ಲ ಮುಗಿಯುತ್ತದೆ. ಬೆಳೆ ಮಾತ್ರ ಒಮ್ಮೆ ಕೊಚ್ಚಿದರೆ ಹೋಯಿತು.

ಗ್ರೇಸಿಗೆ ಹೇಳಲಿಲ್ಲ. ಸಮಯ ನೋಡಿ ಹೇಳುತ್ತೇನೆ.

ಅಕ್ಟೋಬರ್ 3

ಗ್ರೇಸಿಯನ್ನು ಎರಡನೆಯ ಸಲ ವಿಚಾರಣೆಗೆ ಕರೆದರು. ನನ್ನ ಉತ್ತರದ ಪ್ರತಿ ಅಷ್ಟರಲ್ಲಿ ಪೊಲೀಸರ ಕೈಗೂ ಹೋಗಿತ್ತು. ಅದನ್ನು ಅವಳ ಎದುರು ಗಟ್ಟಿಯಾಗಿ ಓದಿ, ಇದು ಸರಿಯೇ ಎಂದು ಕೇಳಿದರಂತೆ.

ಬಂದು ಕೋಟು ನೇತುಹಾಕಿ, ಚಹಾ ಇಟ್ಟಳು. ಎರಡು ಕಪ್. ನನ್ನದರಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು.

"ಹೌದು ಅಂತ ಹೇಳಿದೆ" ಎಂದಳು. "ನಿಮಗೆ ಗೊತ್ತಿರ್ಲಿಲ್ಲ, ನಾನೇ ಕದ್ದು ಕೊಯ್ದದ್ದು ಅಂತ."

"ಗ್ರೇಸಿ, ಅದು ಗದ್ದೆ ಉಳಿಸಲಿಕ್ಕೆ..."

"ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ವಾ? ಕೇಳಿದ್ರೆ ನಾನೇ ಹಾಗೆ ಬರೀರಿ ಅಂತಿದ್ದೆ." ಅಷ್ಟು ಹೇಳಿ ಕಪ್ ತೊಳೆಯಲು ಹೋದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಆ ಕಪ್ಪನ್ನು ಎಷ್ಟು ಹೊತ್ತು ತೊಳೆದಳು!

ಅಕ್ಟೋಬರ್ 15, ಭಾನುವಾರ

ಉಪ್ಸಾಲಾದಲ್ಲಿ ಓದುವ ಮಗಳು ಮೆಲಿಸಾ ಬಂದಳು. ಅವಳಿಗೆ ವಿಷಯ ವಿನೀತಾಳಿಂದ ಗೊತ್ತಾಗಿದೆ. ಊಟದ ಮೇಜಿನಲ್ಲಿ ತಾಯಿಗೆ ಸ್ವೀಡಿಷ್‌ನಲ್ಲಿ ಬೈದಳು. "ಮಮ್ಮಿ, ನಿನಗೆ ತಲೆ ಸರಿ ಉಂಟಾ? ಡ್ಯಾಡಿ ವರ್ಷವಿಡೀ ಕಾಗದಪತ್ರ ಮಾಡಿ ಒಂದು ಬೆಳೆ ತೆಗೆದರೆ, ನೀನು ಅದನ್ನು ಕದ್ದು ಮಕ್ಕಳ ಕೈಗೆ ಕೊಟ್ಟೆಯಾ? ಅದೂ ಚರ್ಚಿನಲ್ಲಿ!" ಇನ್ನೂ ಏನೇನೋ ಅಂದಳು. ನನ್ನ ಗೆಳತಿಯರು ನಗುತ್ತಿದ್ದಾರೆ, ನಿನ್ನ ಹಳ್ಳಿ ಬುದ್ಧಿ ನೀನು ಬಿಡುವುದೇ ಇಲ್ಲ ಎಂದಳು.

ಗ್ರೇಸಿ ನನ್ನ ಕಡೆ ನೋಡಿದಳು. ನಾನು ಮೀನಿನ ಮುಳ್ಳು ಬಿಡಿಸುತ್ತಿದ್ದೆ.

"ಹೋಗ್ಲಿ ಬಿಡು ಮೆಲ್ಲೂ, ಮಮ್ಮಿಗೆ ಗೊತ್ತಾಗ್ಲಿಲ್ಲ" ಎಂದೆ. ಸಮಾಧಾನಕ್ಕೆ ಹೇಳಿದ್ದು. ಮೆಲಿಸಾ ಎದ್ದು ಬಂದು ನನ್ನ ಭುಜ ತಬ್ಬಿಕೊಂಡಳು. ತಾಯಿಗೆ ಬೈ ಕೂಡ ಹೇಳದೆ ನಾಲ್ಕು ಗಂಟೆಯ ರೈಲಿಗೆ ಹೋದಳು. ಗ್ರೇಸಿ ಅವಳಿಗೆಂದು ಕಟ್ಟಿದ್ದ ಮೀನು ಸಾರಿನ ಡಬ್ಬ ಅಡುಗೆಮನೆಯಲ್ಲೇ ಉಳಿಯಿತು.

ಅಕ್ಟೋಬರ್ 19

ಕೃಷಿ ಕಚೇರಿ ನನ್ನ ವಿವರಣೆಯನ್ನು ಒಪ್ಪಿದೆ. ಬೆಳೆ ನಿಲ್ಲುತ್ತದೆ! ಗ್ರೇಸಿಗೆ ಹೇಳಿದೆ. "ಒಳ್ಳೆದಾಯ್ತು" ಎಂದಳು.

ನವೆಂಬರ್ 4, ಶನಿವಾರ

ಗ್ರೇಸಿಯ ತಮ್ಮ ಆಲ್ವಿನ್ ಟೋರ್ಸ್‌ಲಾಂಡದಿಂದ ಕಾರು ತಂದು ಅವಳನ್ನು ಕರೆದುಕೊಂಡು ಹೋದ. ಅಲ್ಲಿ ಕಾರಿನ ಕಾರ್ಖಾನೆಯಲ್ಲಿ ಅವನು ಎಂಜಿನಿಯರ್. ಸ್ವಲ್ಪ ದಿನ ಇದ್ದು ಬರಲಿ ಭಾವ ಎಂದ. ಸ್ವಲ್ಪ ದಿನಕ್ಕೆ ಯಾರು ಚಳಿಗಾಲದ ಕೋಟು, ಬೇಸಿಗೆ ಚಪ್ಪಲಿ ಎರಡನ್ನೂ ತುಂಬಿಕೊಳ್ಳುತ್ತಾರೆ?

ಗೇಟಿನ ತನಕ ಹೋದೆ. ಅವಳು ಫ್ರಿಜ್‌ನಲ್ಲಿ ಏನೇನು ಇದೆ ಎಂದು ಹೇಳಿದಳು. ಮಂಗಳವಾರದೊಳಗೆ ಹಾಲು ಮುಗಿಸಿ ಎಂದಳು. ನಾನು ಸರಿ ಎಂದೆ.

ಹೋಗಬೇಡ ಎನ್ನಲು ಬಾಯಿವರೆಗೆ ಬಂದಿತ್ತು. ಆದರೆ ನನಗೂ ಒಂದು ಸ್ವಾಭಿಮಾನ ಉಂಟಲ್ಲ. ಅವತ್ತು ಅವಳು ಹಠ ಹಿಡಿದು ಗದ್ದೆಗೆ ಬಂದಿರದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ಕೊಂಡು ಹೋಗಬಾರದು ಎಂದು ನಾನು ಒಂದು ಮಾತು ಹೇಳಿಯೂ ಇದ್ದೆ ಎಂದು ನೆನಪು.

ನವೆಂಬರ್ 20

ಹಿಮ. ಗಿಡಗಳು ನಿಂತಲ್ಲೇ ಬೆಳ್ಳಗಾಗಿ ಒಣಗುತ್ತಿವೆ. ಹಾಗೇ ಬಿಡಬೇಕು, ವಸಂತದಲ್ಲಿ ಕೊಯ್ಲು. ಇಂಗ್ವರ್ ಗ್ರೇಸಿಯನ್ನು ಕೇಳಿದ. ತಮ್ಮನ ಮನೆಗೆ ಹೋಗಿದ್ದಾಳೆ ಎಂದೆ. ಅವನು ತನ್ನ ಬೂಟು ನೋಡಿದ.

ಡಿಸೆಂಬರ್ 24

ಮೆಲಿಸಾ ಬಂದಿದ್ದಾಳೆ, ಹ್ಯಾಮ್ ಬೇಯಿಸಿದಳು. ಗ್ರೇಸಿ ಫೋನ್ ಮಾಡಿದಾಗ ಮೆಲಿಸಾ ಸ್ನಾನಕ್ಕೆ ಹೋಗುತ್ತೇನೆಂದು ಎದ್ದು ಹೋದಳು. ಮಗಳೆಲ್ಲಿ ಎಂದು ಗ್ರೇಸಿ ಕೇಳಿದಳು, ಸ್ನಾನಕ್ಕೆ ಹೋದಳು ಎಂದೆ. "ಹಬ್ಬದ ಶುಭಾಶಯ" ಎಂದು ಇಟ್ಟಳು.

ಮೆಲಿಸಾ ಆಮೇಲೆ ಕೇಳಿದಳು, "ಡ್ಯಾಡಿ, ನಿನಗೆ ನಿಜವಾಗಿ ಗೊತ್ತೇ ಇರಲಿಲ್ಲವಾ?"

"ನಾನು ಅವತ್ತು ಗದ್ದೆಯ ಆಚೆ ತುದಿಯಲ್ಲಿದ್ದೆ" ಎಂದೆ. ಆಚೆ ತುದಿಯಲ್ಲಿ ಕೆಲಸ ಇತ್ತು ನನಗೆ.

ಜನವರಿ 26, 2007

ಎರಡು ಕಾಗದ ಬಂದವು, ಎರಡೂ ಒಂದೇ ದಿನ. ಲ್ಯಾಬಿನದು: ಅಮಲಿನ ಅಂಶ ಮಿತಿಗಿಂತ ಎಷ್ಟೋ ಕಡಿಮೆ. ಗ್ರೇಸಿಯ ಹೆಸರಿಗೆ ಬಂದದ್ದನ್ನೂ ಒಡೆದೆ: ಅಪರಾಧವಿಲ್ಲ, ತನಿಖೆ ಮುಕ್ತಾಯ.

ಕುಣಿಯುವಷ್ಟು ಖುಷಿಯಾಗಿ ಫೋನ್ ಮಾಡಿದೆ. ಹಳೆ ಕೆಲಸಕ್ಕೆ ವಾಪಸು ಬರಬಹುದು, ಬೀಗದ ಕೈ ವಾಪಸು ಕೊಡುತ್ತಾರೆ ಎಂದೆ.

"ಇಲ್ಲಿ ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು" ಎಂದಳು. "ಬೀಗದ ಕೈ ಕೊಡ್ತಾರೆ, ನಂಗೊತ್ತು. ಆದ್ರೆ ಆ ಫಿಕಾ ಮೇಜಿಗೆ ನಾನು ಪುನಃ ಹೇಗೆ ಹೋಗಿ ಕೂತುಕೊಳ್ಳುದು? ಹೇಳಿ."

"ಮತ್ತೆ ನಾನು?"

"ನಿಮ್ಮ ಗದ್ದೆ ಉಂಟಲ್ವಾ" ಎಂದಳು. ವ್ಯಂಗ್ಯಕ್ಕೆ ಹೇಳಿದ್ದಲ್ಲ. ಅವಳ ದನಿ ನನಗೆ ಗೊತ್ತು. ಸುಸ್ತಾದವರು ಹೇಳುವ ಹಾಗೆ ಹೇಳಿದಳು. ಫೋನ್ ಇಟ್ಟ ಮೇಲೆ ಸಂಜೆಯ ತನಕ ಕುರ್ಚಿಯಿಂದ ಏಳಲಾಗಲಿಲ್ಲ.

ಏಪ್ರಿಲ್ 14, ಶನಿವಾರ

ಕೊಯ್ಲು. ಯಂತ್ರ ನಾಲ್ಕು ಸಲ ನಿಂತಿತು. ನಾರು ಅದರ ಗಾಲಿಗೆ ಸುತ್ತಿಕೊಂಡು ಬಿಗಿಯಾಗುತ್ತದೆ, ಚಾಕು ಹಿಡಿದು ಮಲಗಿ ಬಿಡಿಸಬೇಕು. ಹಾಂಪಾ ಬೆಳೆಯುವುದು ಸುಲಭ, ಕೊಯ್ಯುವುದೇ ಕಷ್ಟ ಎಂದು ಯಾವ ಕಚೇರಿಯವರೂ ಮೊದಲು ಹೇಳಲಿಲ್ಲ. ಆದರೂ ಆಯಿತು. ಉರುವಲು ಒತ್ತುವ ಕಂಪನಿಯವನು ಕೈಯಲ್ಲಿ ಹಿಡಿದು ಮುರಿದು ನೋಡಿ, ಒಣಗಿದ್ದು ಸರಿಯಾಗಿದೆ, ಮುಂದಿನ ವರ್ಷ ಹತ್ತು ಹೆಕ್ಟೇರ್ ಮಾಡು ಎಂದ. ಕೈ ಕುಲುಕಿದ.

ಮನೆಗೆ ಬಂದು ಯಾರಿಗೆ ಹೇಳುವುದು? ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತೆ. ಬರಿದಾದ ಗದ್ದೆಯಂಥ ಮನೆ.

ಏಪ್ರಿಲ್ 21, ಶನಿವಾರ

ಗ್ರೇಸಿ ತನ್ನ ಉಳಿದ ಸಾಮಾನಿಗೆ ಬಂದಿದ್ದಳು, ಆಲ್ವಿನ್ ಜೊತೆ. ಮಿಕ್ಸಿ, ಹೊಲಿಗೆ ಯಂತ್ರ, ಅವಳ ತಾಯಿಯ ಜಪಮಾಲೆ. ಕೂದಲು ಗಿಡ್ಡ ಮಾಡಿಸಿದ್ದಾಳೆ. ಚೆನ್ನಾಗಿದೆ ಎಂದು ಹೇಳಬೇಕೆಂದಿದ್ದೆ.

ಆಲ್ವಿನ್ ಪೆಟ್ಟಿಗೆಗಳನ್ನು ಕಾರಿಗೆ ಒಯ್ಯುವಾಗ ಅವಳು ನನ್ನೆದುರು ಕೂತಳು. "ನಿಮ್ಮ ಹತ್ರ ಒಂದೇ ಬೇಕು ನನಗೆ. ಮನೆ ಬೇಡ, ಎಂತದ್ದೂ ಬೇಡ. ಮೆಲಿಸಾ ಆರು ತಿಂಗಳಿಂದ ನನ್ನ ಫೋನ್ ಎತ್ತುದಿಲ್ಲ. ಜೂನ್‌ನಲ್ಲಿ ಅವಳ ಓದು ಮುಗೀತದೆ, ಆ ದಿನಕ್ಕೆ ನಾನು ಬರುದು ಬೇಡ ಅಂತ ವಿನೀತಾಳ ಕೈಯಲ್ಲಿ ಹೇಳಿ ಕಳಿಸಿದ್ದಾಳೆ. ಅವಳಿಗೆ ನೀವು ಹೇಳಿ."

"ನೀನೇ ಹೇಳಬಹುದಿತ್ತಲ್ಲ" ಎಂದೆ.

"ನಾನು ಹೇಳಿದ್ರೆ ಗಂಡನ ಮೇಲೆ ಹಾಕಿದ ಹಾಗಾಗ್ತದೆ. ಮಗಳಿಗೆ ಅಪ್ಪ ಒಬ್ಬನಾದ್ರೂ ಇರ್ಲಿ ಅಂತ ಸುಮ್ನಿದ್ದೆ. ಇನ್ನು ನನ್ನಿಂದ ಆಗುದಿಲ್ಲ ಓಸ್ವಾಲ್ಡ್."

ಇಪ್ಪತ್ತಮೂರು ವರ್ಷದಲ್ಲಿ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಆ ಒಂದು ಶಬ್ದ ಕೇಳಿದ ಮೇಲೆ ನಾನು ಏನು ಹೇಳಿದೆನೋ ನನಗೇ ನೆನಪಿಲ್ಲ.

ಏಪ್ರಿಲ್ 22, ಭಾನುವಾರ

ಪೂಜೆಗೆ ಹೋಗಲಿಲ್ಲ. ಹತ್ತು ಗಂಟೆಗೆ ಮೆಲಿಸಾಗೆ ಫೋನ್ ಮಾಡಿದೆ. ಕೊಯ್ಲಿನ ಸುದ್ದಿ ಹೇಳೋಣ ಎಂದೇ ಮಾಡಿದ್ದು. ಹೇಳಿದೆ. ಅವಳಿಗೆ ಬಹಳ ಸಂತೋಷ. "ನೋಡು ಡ್ಯಾಡಿ, ಮಮ್ಮಿ ಅಷ್ಟೆಲ್ಲ ಹಾಳು ಮಾಡಲು ನೋಡಿದರೂ ನೀನು ಗೆದ್ದೆ" ಎಂದಳು.

"ಇಲ್ಲ ಮೆಲ್ಲೂ" ಎಂದೆ. "ಮಮ್ಮಿ ಕೇಳಿದ್ದಳು. ಕೊಂಡು ಹೋಗಬಹುದಾ ಅಂತ ಕೇಳಿದ್ದಳು ಅವಳು. ಹೋಗು ಅಂತ ನಾನೇ ಹೇಳಿದ್ದು. ಹೋಗಬಾರದು ಅಂತ ನನಗೆ ಗೊತ್ತಿತ್ತು, ಸಹಿ ಹಾಕಿದ್ದೆ. ಚಾಕು ಮಸೆದದ್ದು ನಾನು. ಗಿಡ ಬಗ್ಗಿಸಿ ಹಿಡಿದದ್ದು ನಾನು. ವಿನೀತಾಳ ಮಕ್ಕಳಿಗೆ ಇನ್ನೂ ನಾಲ್ಕು ಕೊಯ್ಯಿ ಅಂದದ್ದೂ ನಾನು."

"ಆಚೆ ತುದಿಯಲ್ಲಿದ್ದೆ ಅಂತ ನೀನು ಅಂದಿದ್ದೆ" ಎಂದಳು. ಅದನ್ನು ಮಾತ್ರ ಕನ್ನಡದಲ್ಲಿ ಹೇಳಿದಳು. ತಾಯಿಯ ಹತ್ತಿರ ಮಾತ್ರ ಅವಳು ಕನ್ನಡ ಮಾತಾಡುತ್ತಿದ್ದದ್ದು.

"ಇರಲಿಲ್ಲ" ಎಂದೆ. "ನಿನ್ನ ಮಮ್ಮಿಯ ಪಕ್ಕದಲ್ಲೇ ಇದ್ದೆ."

ಫೋನ್ ಇಟ್ಟಳು. ಇಡುತ್ತಾಳೆಂದು ಗೊತ್ತಿತ್ತು, ಆದರೂ ರಿಸೀವರ್ ಕಿವಿಗೆ ಹಿಡಿದುಕೊಂಡೇ ಇದ್ದೆ. ಈ ವಯಸ್ಸಿನಲ್ಲಿ ಹೀಗೆ ಬಿಕ್ಕಿ ಬಿಕ್ಕಿ ಅಳು ಬರುತ್ತದೆಂದು ನಾನು ತಿಳಿದಿರಲಿಲ್ಲ.

ಹತ್ತೂವರೆಗೆ ಪುನಃ ಮಾಡಿದೆ, ಎಂಗೇಜ್. ಗ್ರೇಸಿಗಾದರೂ ಹೇಳೋಣ, ಹೇಳಿದ್ದೇನೆ ಎಂದು ತಿಳಿಸೋಣ ಎಂದು ಅವಳ ಮೊಬೈಲಿಗೆ ಮಾಡಿದೆ. ಅದೂ ಎಂಗೇಜ್.

ಹನ್ನೊಂದಕ್ಕೆ ಮಾಡಿದೆ. ಎರಡೂ ಎಂಗೇಜ್.

ಹನ್ನೆರಡೂಕಾಲಿಗೆ ಅನ್ನಕ್ಕಿಟ್ಟು ಇನ್ನೊಮ್ಮೆ ಮಾಡಿದೆ. ಇನ್ನೂ ಮಾತಾಡುತ್ತಿದ್ದಾರೆ ಅವರು.